ಕೌದಿ ಹೊದ್ದ ಆಂಪ್ಲಿಫೈಯರ್

ನನಗೆ ಒಂದು ವಿಷಯ ಗೊತ್ತಿಲ್ಲ ಎಂಬುದು ನನಗೆ ತಿಳಿಯುವುದು ಯಾವಾಗಲೂ ಎಲ್ಲರಿಗಿಂತ ಕೊನೆಗೆ. ಅಲ್ಲಿಯವರೆಗೆ ನಾನು ಬಹಳ ಧೈರ್ಯದಿಂದ ಮಾತಾಡಿರುತ್ತೇನೆ. ಹುಮನಾಬಾದಿನ ನನ್ನ ಬಟ್ಟೆ ಅಂಗಡಿಯಲ್ಲಿ ಈ ಧೈರ್ಯ ಉಪಯೋಗಕ್ಕೆ ಬರುತ್ತದೆ. ಈ ಸೀರೆಯ ಬಣ್ಣ ಹೋಗುವುದಿಲ್ಲ ಎಂದು ನಾನು ಹೇಳಿದರೆ ಗಿರಾಕಿ ಮರುಮಾತಾಡುವುದಿಲ್ಲ. ಬಣ್ಣ ಮಾತ್ರ ನನ್ನ ಮಾತು ಕೇಳದೆ ಕೆಲವು ಸಲ ಹೋಗಿಬಿಡುತ್ತದೆ. ಇದೇ ಧೈರ್ಯವನ್ನು ನಾನು ಕಾರಿನ ಹಾಡಿನ ಸಾಮಾನಿನ ಮೇಲೂ ಪ್ರಯೋಗಿಸಿದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ.

ಹೈದರಾಬಾದಿಗೆ ಬಟ್ಟೆ ತರಲು ಹೋದವನು ಕಾರಿಗೊಂದು ಆಂಪ್ಲಿಫೈಯರ್ ತಂದೆ. ಕಾರಿನಲ್ಲಿ ಟೇಪ್ ಮೊದಲೇ ಇತ್ತು, ಆದರೆ ನನ್ನ ಹಳೇ ಕಾರಿನ ಇಂಜಿನ್ನು ಹಾಡುವವರಿಗಿಂತ ಜೋರಾಗಿ ಹಾಡುತ್ತಿತ್ತು. ಟೇಪಿನ ದನಿ ಏರಿಸುವ ಈ ಹೊಸ ಸಾಮಾನು ಊಟದ ಡಬ್ಬಿಯಷ್ಟೇ ಇತ್ತು. ಮೈತುಂಬ ಬಾಚಣಿಗೆಯ ಹಲ್ಲಿನಂಥ ಲೋಹದ ಪಟ್ಟಿಗಳು. ಅವು ಅಂದಕ್ಕೆ ಎಂದು ನಾನೇ ತೀರ್ಮಾನಿಸಿದೆ. ತೊಂದರೆಯೆಂದರೆ, ನನ್ನ ಹೆಂಡತಿ ಸುಲೋಚನಾ ಆ ಸಲ ತರಲು ಹೇಳಿದ್ದು ಮಿಕ್ಸಿ. ಅವಳು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ಶೇಂಗಾ ಚಟ್ನಿ ಆಗ್ತದೇನ್ರಿ?" ಎಂದಳು. ಬಹಳ ಹೊತ್ತಿನ ವಾದದ ಮೇಲೆ ಒಂದು ರಾಜಿಯಾಯಿತು. ಬಸವಕಲ್ಯಾಣದಿಂದ ಅವಳ ತಂದೆಯನ್ನು ನಾನು ಕಾರಿನಲ್ಲಿ ಕರೆತರುವುದಿತ್ತು. "ಅಪ್ಪ ಛಂದ ಅದ ಅಂದ್ರ ಇರ್ಲಿ. ಇಲ್ಲಂದ್ರ ಇದನ್ನ ಮಾರಿ ಮಿಕ್ಸಿ ತರಬೇಕು ನೋಡ್ರಿ." ನಾನು ಕೂಡಲೇ ಒಪ್ಪಿದೆ. ಅಳಿಯನ ಸಾಮಾನಿನಲ್ಲಿ ಮಾವ ಕೊಂಕು ಹುಡುಕುವ ಪದ್ಧತಿ ನಮ್ಮ ಕಡೆ ಇಲ್ಲ. ಉಪ್ಪಿಲ್ಲದ ಸಾರನ್ನೂ ಅವರು ಎರಡು ಸಲ ಹಾಕಿಸಿಕೊಂಡು ಹೊಗಳಿದವರು.

ಮಾವನವರ ಮನೆಯಲ್ಲಿ ಹಳೇ ಕಾಲದ ವಾಲ್ವಿನ ರೇಡಿಯೊ ಒಂದಿತ್ತು. ಗೋಡೆಗೆ ತಾಗದಂತೆ ಇಟ್ಟಿದ್ದರು, ಬೆನ್ನಿನ ಹಲಗೆಗೆ ಸಾಲು ತೂತು, ಮೇಲೆ ಕಸೂತಿಯ ಬಟ್ಟೆ. ಗುಂಡಿ ತಿರುಗಿಸಿದ ಮೇಲೆ ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗಿ ಕೆಂಪಗೆ ಹೊಳೆಯುವವರೆಗೆ ಮನೆಮಂದಿ ಸುಮ್ಮನೆ ಕೂತಿರಬೇಕು. "ಹೊಸ ಸಾಮಾನಿಗೆ ಈ ರಗಳಿ ಇಲ್ಲ ಮಾವಾರ, ಅದು ಬಿಸೀನ ಆಗೂದಿಲ್ಲ" ಎಂದು ನಾನು ಅವರಿಗೆ ಹೋದಾಗಲೆಲ್ಲ ಉಪನ್ಯಾಸ ಕೊಡುತ್ತಿದ್ದೆ. ಅವರು "ಹೌದೇನ್ರಿ" ಎಂದು ಕೇಳಿಕೊಳ್ಳುತ್ತಿದ್ದರು. ಆ ರೇಡಿಯೊದಿಂದ ನಾನು ಕಲಿತದ್ದು ಒಂದೇ ಪಾಠ: ಬೆಲೆಬಾಳುವ ಸಾಮಾನಿಗೆ ಹೊದಿಕೆ ಬೇಕು. ಹಾಗಾಗಿ ನಮ್ಮ ರಸ್ತೆಯ ಧೂಳು ತಾಗದಂತೆ ಆಂಪ್ಲಿಫೈಯರಿಗೆ ಹಳೇ ಬಟ್ಟೆ ಪದರಪದರವಾಗಿ ಹೊಲಿದ ಕೌದಿಯ ತುಂಡೊಂದನ್ನು ದಪ್ಪಗೆ ಸುತ್ತಿ, ದಾರ ಬಿಗಿದು, ನನ್ನ ಪಕ್ಕದ ಮುಂದಿನ ಸೀಟಿನ ಕೆಳಗೆ ತುರುಕಿದೆ. "ಅದಕ್ಕ ಉಸಿರು ಕಟ್ಟೂದಿಲ್ಲೇನ್ರಿ?" ಎಂದಳು ಸುಲೋಚನಾ. ಹೆಂಗಸರಿಗೆ ಯಂತ್ರದ ವಿಷಯ ತಿಳಿಯುವುದಿಲ್ಲ ಎಂದು ನಕ್ಕುಬಿಟ್ಟೆ.

ಬಸವಕಲ್ಯಾಣದಲ್ಲಿ ಮಾವನವರು ಇಸ್ತ್ರಿ ಮಾಡಿದ ಧೋತರ ಉಟ್ಟು ನನ್ನ ಪಕ್ಕದಲ್ಲಿ ಕೂತರು. ನಾನು ವಚನಗಳ ಕ್ಯಾಸೆಟ್ ಹಾಕಿದೆ. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಅವರು ಕಣ್ಣು ಮುಚ್ಚಿ, ಬಾಗಿಲ ಮೇಲಿನ ಹಿಡಿಕೆ ಹಿಡಿದು, ಸೀಟಿನಿಂದ ಅರ್ಧ ಮೇಲಕ್ಕೆದ್ದರು. ಭಕ್ತಿ ಹೆಚ್ಚಾದರೆ ಹೀಗಾಗುತ್ತದೆಂದು ಕೇಳಿದ್ದೆ, ನೋಡಿದ್ದು ಅದೇ ಮೊದಲು. ಹುರುಪಿನಿಂದ ದನಿ ಏರಿಸಿದೆ. ಅವರು ಇನ್ನೂ ಮೇಲೆದ್ದರು. ಅಷ್ಟರಲ್ಲಿ ಹಾಡು ಗಪ್ಪನೆ ನಿಂತಿತು. "ಹಾಡವ್ರು ದಮ್ಮ ತಗೊಳ್ಳಾಕತ್ತಾರ್ರಿ" ಎಂದೆ. "ತಗೊಳ್ಳಲಿ ಬಿಡ್ರಿ ಪಾಪ, ಗಡಿಬಿಡಿ ಏನದ" ಎನ್ನುತ್ತ ಅವರು ನಿಧಾನವಾಗಿ ಕೂತರು. ಟೇಪಿನ ಮೇಲೆ ಒಂದು ಗುದ್ದು ಹಾಕಿದೆ. ಕೆಲ ಹೊತ್ತಿಗೆ ಹಾಡು ಮರಳಿ ಬಂತು, ಮಾವನವರು ಮತ್ತೆ ಎದ್ದರು. ದಾರಿಯಲ್ಲಿನ ರಾಜೇಶ್ವರ ಊರು ದಾಟಿದರೂ ಇದೇ ನಡೆಯಿತು. ಹಾಡು ಬಂದರೆ ಏಳುವುದು, ನಿಂತರೆ ಕೂರುವುದು. "ನಾ ಹಿಂದಿನ ಸೀಟಿಗೆ ಹೋಗ್ಲೇನ್ರಿ?" ಎಂದು ಒಮ್ಮೆ ಮೆಲ್ಲಗೆ ಕೇಳಿದರು. "ಛೇ, ಇಲ್ಲೇ ಛಂದ ಕೇಳಸ್ತದ್ರಿ" ಎಂದು ತಡೆದೆ. ಮಿಕ್ಸಿಯ ಆಸೆಯನ್ನು ಸುಲೋಚನಾ ಬಿಡಬೇಕಾದೀತು ಎಂದು ಮನಸ್ಸಿನಲ್ಲೇ ಮರುಗಿದೆ.

ಮನೆಯ ಮುಂದೆ ಅವಳು ಕಾದೇ ನಿಂತಿದ್ದಳು. "ಹ್ಯಾಂಗ ಅದಪ್ಪಾ ಇವ್ರ ಹೊಸ ಸಾಮಾನು?" ಮಾವನವರು ಕಾರಿನಿಂದಿಳಿದು ಬಹಳ ಹೊತ್ತು ಸೊಂಟ ಹಿಡಿದುಕೊಂಡು ನಿಂತರು. "ಅಳಿಯಂದ್ರು ತಂದಿದ್ದಂದ್ರ ಕೇಳೂದೇನದ? ಏಕದಂ ಮಸ್ತ್" ಎಂದರು. ನಾನು ಗೆದ್ದೆ. ಆಗ ಅವರು ನನ್ನ ಕಡೆ ತಿರುಗಿ, "ಆದ್ರ ಅಳಿಯಂದ್ರ, ಮುಂದಿನ ಸಲ ಜರಾ ಛಳಿಗಾಲದಾಗ ಕರೀರಿ" ಎಂದರು. ಸುಲೋಚನಾ ಒಮ್ಮೆ ಅವರ ಬೆವರಿನಿಂದ ತೊಯ್ದ ಧೋತರ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಸೀಟಿನ ಕೆಳಗೆ ಕೈ ಹಾಕಿದವಳು "ಅಯ್ಯಯ್ಯೋ" ಎಂದು ಬೆರಳಿಗೆ ಉಫ್ ಉಫ್ ಎಂದು ಊದಿಕೊಂಡಳು. ಕೌದಿಯಿಂದ ಸುಟ್ಟ ವಾಸನೆ ಬರುತ್ತಿತ್ತು. "ನಾವೂ ರೇಡಿಯೋಕ್ಕ ಬಟ್ಟಿ ಹೊದಸ್ತೇವ್ರಿ" ಎಂದರು ಮಾವನವರು ಬಹಳ ಸಂಕೋಚದಿಂದ, "ಖರೆ, ಹಾಡು ಹಚ್ಚೂ ಮುಂದ ಬಟ್ಟಿ ತೆಗೀತೇವಿ." ಹಳೇ ರೇಡಿಯೊ ಬೆನ್ನಿನ ತೂತುಗಳಿಂದ ಬಿಸಿ ಬಿಡುತ್ತಿದ್ದರೆ ಹೊಸ ಡಬ್ಬಿ ಮೈಮೇಲಿನ ಪಟ್ಟಿಗಳಿಂದ ಬಿಡುತ್ತದೆ, ಬಿಸಿ ಒಳಗೇ ಉಳಿದಾಗಲೆಲ್ಲ ಹಾಡು ನಿಲ್ಲುತ್ತಿತ್ತು ಎಂಬುದು ನನಗೆ ಹೊಳೆದದ್ದು ಆಗಲೇ, ಎಂದಿನಂತೆ ಎಲ್ಲರಿಗಿಂತ ಕೊನೆಗೆ. ಮಾವನವರು ಸುಡುವ ಸೀಟಿನ ಮೇಲೆ ಬಾಯಿಬಿಡದೆ ಬಂದದ್ದು ನೆನೆದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಗೆದ್ದಿದ್ದರೂ ಆ ನಾಚಿಕೆಗೆ ಆಂಪ್ಲಿಫೈಯರನ್ನು ಘಾಟಬೋರಾಳದ ಒಬ್ಬ ಜೀಪಿನವನಿಗೆ ಮಾರಿದೆ. ಅವನು ಅದನ್ನು ಏನೂ ಹೊದಿಸದೆ ಗಾಳಿಗೇ ಬಿಟ್ಟಿದ್ದ, ದಿನವಿಡೀ ನಿಲ್ಲದೆ ಹಾಡುತ್ತಿತ್ತಂತೆ. ಮನೆಗೆ ಮಿಕ್ಸಿ ಬಂತು. ಅದಕ್ಕೊಂದು ಗವಸು ಹೊಲಿಸೋಣವೇ ಎಂದು ಕೇಳಿದ ದಿನದಿಂದ ಸುಲೋಚನಾ ನನ್ನನ್ನು ಅದರ ಹತ್ತಿರ ಬಿಡುವುದಿಲ್ಲ.

ಚಳಿಗಾಲದಲ್ಲಿ ಮಾವನವರು ಮಾತಿನಂತೆ ನನ್ನ ಕಾರಿನಲ್ಲೇ ಬಂದರು. ಹಳೇ ಕಾರಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ರಾಜೇಶ್ವರದ ಹತ್ತಿರ ಅವರು ಗಡಗಡ ನಡುಗುತ್ತ ಸೀಟಿನ ಕೆಳಗೆ ಕೈಯಾಡಿಸಿ, "ಹಾಡು ಇಲ್ದಿದ್ರೂ ನಡೀತಿತ್ರಿ ಅಳಿಯಂದ್ರ, ಆ ಡಬ್ಬಿ ಒಂದು ಇರಬೇಕಿತ್ತು" ಎಂದರು. ಹೊಸ ಕಾಲದ ಸಾಮಾನನ್ನು ಅವರು ಕೊನೆಗೂ ಮನಸಾರೆ ಮೆಚ್ಚಿದ್ದರು, ಅದು ನನ್ನ ಹತ್ತಿರ ಇಲ್ಲದಾಗ. ನಾನು ಕಾರು ನಿಲ್ಲಿಸಿ, ಹಿಂದಿನ ಸೀಟಿನಿಂದ ಅದೇ ಸುಟ್ಟ ಕೌದಿಯ ತುಂಡು ತೆಗೆದು ಅವರ ಮೊಣಕಾಲಿಗೆ ಹೊದಿಸಿದೆ.