ಅಜ್ಜಿಯ ಕಾಲಿಗೆ ಮನೆಮಂದಿಯ ಗುಳಿಗೆ

ಕುಂದಗೋಳ ಕಡೆಯ ಹಳ್ಳಿಯೊಂದರಲ್ಲಿ ನಾನು ಸರಕಾರಿ ಡಾಕ್ಟರ್. ಗುಳಿಗೆ ಬರೆದುಕೊಡುವುದಷ್ಟೇ ನನ್ನ ಕೈಯಲ್ಲಿದೆ. ಅದು ಯಾರ ಹೊಟ್ಟೆ ಸೇರಬೇಕೆಂದು ತೀರ್ಮಾನಿಸುವವರು ಬೇರೆಯೇ ಇದ್ದಾರೆ. ಈಚೆಗೆ ಒಬ್ಬ ಅಜ್ಜಿಯ ಕಾಲಂತೂ ನನಗೆ ಸಾಕುಬೇಕು ಮಾಡಿತು.

ಹಲ್ಲಿನ ಗುಳಿಗೆ

ಸಕ್ಕರೆ ಕಾಯಿಲೆಯ ಆ ಅಜ್ಜಿ ಕುಬಿಹಾಳದಿಂದ ಬಂದಾಗ ಪಾದದ ಗಾಯ ಕೀವು ತುಂಬಿಕೊಂಡಿತ್ತು.

"ಏನರ ಗುಳಿಗಿ ತಗೊಂಡೀಯೇನ ಯವ್ವಾ?"

"ಹೂಂನ್ರಿ. ಬಾಜೂ ಮನಿಯಾಕಿ ತನಗ ಉಳದಿದ್ದು ಕೊಟ್ಟಳ್ರಿ. ಆಕಿಗೆ ಹಲ್ಲು ಬಾತಿತ್ತು."

"ಹಲ್ಲಿನ ಗುಳಿಗಿ ಕಾಲಿಗೆ ಹೆಂಗ ನಡೀತೈತಿ?"

ಅಜ್ಜಿ ನನ್ನನ್ನೇ ಕನಿಕರದಿಂದ ನೋಡಿದಳು. "ಹೊಟ್ಯಾಗ ಇಳದಮ್ಯಾಲ ಅದಕ್ಕ ದಾರಿ ಗೊತ್ತಾಗಂಗಿಲ್ಲೇನ್ರಿ?"

ಹತ್ತಿಯ ಹುಳ

ಕೀವನ್ನು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಿದೆ. ಮಾಮೂಲಿ ಆ್ಯಂಟಿಬಯೋಟಿಕ್ ಯಾವುದಕ್ಕೂ ಆ ರೋಗಾಣು ಜಗ್ಗುವುದಿಲ್ಲ, ನಾಟುವುದು ಒಂದೇ ಒಂದು ಎಂದು ವರದಿ ಬಂತು. ಅದೂ ಕೈಕೊಟ್ಟರೆ ಕಾಲನ್ನೇ ತೆಗೆಯಬೇಕಾದೀತು. ಹತ್ತಿ ಬೆಳೆಯುವ ಅವಳ ಹಿರಿಮಗನನ್ನು ಕರೆಸಿದೆ.

"ಹುಳಾ ಕೊಲ್ಲೋ ಎಣ್ಣಿ ಅರ್ಧಾಮರ್ಧಾ ಹೊಡದ್ರ ಹತ್ತಿ ಹುಳ ಏನಾಗತಾವು?"

"ಸಾಯಂಗಿಲ್ರಿ. ಮತ್ತಿಷ್ಟು ಗಟ್ಟಿ ಆಕ್ಕಾವು."

"ನಿಮ್ಮವ್ವನ ಗಾಯದಾಗೂ ಹಂಗ ಆಗೇತಿ."

ಇಷ್ಟು ಬೇಗ ಈ ವಿಷಯ ಯಾರಿಗೂ ತಿಳಿದದ್ದಿಲ್ಲ. ನನಗೆ ಖುಷಿಯಾಯಿತು. ಅವನು ಏಳುತ್ತ ಒಂದು ಸಲಹೆಯನ್ನೂ ಕೊಟ್ಟ: "ಹಂಗಾರ ನಾಕೈದು ಥರದ್ದು ಕೂಡಿಸಿ ಹೊಡೀರಿ ಸಾಹೇಬ್ರ. ನಾವು ಹಂಗ ಮಾಡತೀವಿ."

ಪಂಕ್ತಿಭೇದ

ನಾಟುವ ಆ ಒಂದೇ ಬಗೆಯ ಗುಳಿಗೆಯನ್ನು ತರಿಸಿ ಅಜ್ಜಿಯ ಕೈಗಿಟ್ಟೆ. ಇದು ಭಾರೀ ಗುಳಿಗೆ, ಒಂದನ್ನೂ ಬಿಡದೆ ಮುಗಿಸಬೇಕು ಎಂದು ತಾಕೀತು ಮಾಡಿದೆ. ಮುಗಿಯಬೇಕಾದ್ದಕ್ಕಿಂತ ಎಷ್ಟೋ ಮೊದಲೇ ಬಂದಳು.

"ತೀರ್ಯಾವ್ರಿ."

"ಇಷ್ಟ ಲಗೂ?"

"ಮೂರೂ ಸೊಸ್ತೇರಿಗೆ ಹಂಚಿದೆರಿ. ಭಾರೀ ಗುಳಿಗಿ ಅಂದಿದ್ರಿ. ನಾ ಒಬ್ಬಾಕೇ ಹೆಂಗ ನುಂಗಲಿ?"

"ಕಾಲು ಹೋಗತೈತಿ ಯವ್ವಾ."

"ಕಾಲು ಹೋದ್ರ ನಂದೊಂದ ಹೋಗತೈತ್ರಿ. ಪಂಕ್ತಿಭೇದ ಮಾಡಿದ್ರ ಮನೀನ ಹೋಗತೈತಿ."

ಸಿಟ್ಟು ಬಂತು. ಆದರೆ ವಾದ ಮಾಡಿ ಅವಳನ್ನು ಗೆಲ್ಲುವಂತಿರಲಿಲ್ಲ. ಗುಳಿಗೆಯನ್ನು ಹೊಸದಾಗಿ ತರಿಸಿ ಅವಳಿಗೆ ಕೊಟ್ಟೆ, ಸೊಸೆಯಂದಿರಿಗೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕೆಂಪು ವಿಟಮಿನ್ ಗುಳಿಗೆ ಕಟ್ಟಿಕೊಟ್ಟೆ. ಎಲ್ಲರಿಗೂ ಸಿಕ್ಕಿತೆಂದು ಅಜ್ಜಿ ಈ ಸಲ ತನ್ನ ಪಾಲನ್ನು ತಾನೇ ಮುಗಿಸಿದಳು. ಗಾಯ ಒಣಗಿತು. ಕಾಲು ಉಳಿಯಿತು.

ಆ ಕಾಲಿನ ಮೇಲೆ ಗಟ್ಟಿಯಾಗಿ ನಡೆದುಕೊಂಡೇ ಆಸ್ಪತ್ರೆಗೆ ಬಂದು ನನ್ನ ಮುಂದೆ ಕೂತಳು. ಮುಖ ಮಾತ್ರ ಊದಿಸಿಕೊಂಡಿದ್ದಳು.

"ಸೊಸ್ತೇರಿಗೆಲ್ಲಾ ಕೆಂಪ ಗುಳಿಗಿ, ನನಗ ಬರೇ ಬಿಳೀದು. ನೀವೂ ಪಂಕ್ತಿಭೇದ ಮಾಡಿದ್ರೆಲ್ರಿ ಸಾಹೇಬ್ರ?"