ಎದುರುಮನಿ ಬಾತುಕೋಳಿ

ಬಾಗಲಾ ಸ್ವಲ್ಪ ಮುಂದ ಮಾಡ್ರಿ. ಹಾಂ. ಈಗ ಹೇಳೋದು ನಿಮ್ಮ ಹೊಟ್ಯಾಗ ಇರಬೇಕು. ನಾ ಯಾರ ಮುಂದನೂ ಬಾಯಿ ಬಿಟ್ಟಿಲ್ಲ. ನಳದ ಕಡೆ ನಾಕು ಮಂದಿಗೆ ಹೇಳೇನಿ, ಕಾಯಿಪಲ್ಯಾದಾಕಿಗೆ ಹೇಳೇನಿ, ಅಷ್ಟ. ರವಿವಾರ ಪೇಟೆ ಹಿಂದಿನ ನಮ್ಮ ಗಲ್ಲಿಯೊಳಗ ಇಂಥಾವು ವಾರಕ್ಕೊಂದು ನಡೀತನ ಇರತಾವ. ಮೊದಲು ಅವು ನನ್ನ ಕಟ್ಟಿಗೆ ಬಂದು, ಆಮ್ಯಾಲ ಊರಿಗೆ ಹೋಗತಿದ್ವು. ಈಗ ಸೀದಾ ಮೊಬೈಲಿಗೆ ಹೋಗತಾವ.

ಗ್ರೂಪು

ಮೂಲಿ ಮನಿ ಹುಡುಗಿ ಲಗ್ನ ಮುರೀತು. ಗಂಡಿನ ಕಡ್ಯಾವ್ರು ಬಂದು ನಿಶ್ಚಯದ ಸೀರಿ ಚೀಲದಾಗ ಹಾಕ್ಕೊಂಡು ಹೋಗೋದನ್ನ ನಾ ಕಣ್ಣಾರೆ ಕಂಡೆ. ಚಪ್ಪಲಿ ಸೈತ ಮೆಟ್ಟದ ಮೂರನೇ ಮನಿಗೆ ಓಡಿದೆ. ಆ ಮನಿ ಸೊಸಿ ರೊಟ್ಟಿ ಬಡೀತಾ, ತಲಿ ಎತ್ತದನ ಅಂದ್ಲು: “ಆಗಲೇ ಗ್ರೂಪಿನ್ಯಾಗ ಬಂತಲ್ಲ ಅಜ್ಜಿ, ಫೋಟೋ ಸಮೇತ. ಸೀರಿ ಹಸರು.”

ನಾ ದೂರದಿಂದ ನೋಡಿದಾಕಿ, ನನಗ ನೀಲಿ ಕಂಡಿತ್ತು.

ಗಲ್ಲಿ ಮಂದಿ ಎಲ್ಲಾ ಇರೋ ಆ ಗ್ರೂಪ್ ನಡಸಾಂವ ಹಿಟ್ಟಿನ ಗಿರಣಿಯವ. ಜ್ವಾಳದ ಡಬ್ಬಿ ಅವನ ಮುಂದಿಟ್ಟು ಕೇಳಿದೆ: “ನನ್ನ ಮೊಬೈಲಿಗೂ ಅದನ್ನಷ್ಟು ಹಚ್ಚಿಕೊಡೋ.”

ಅವ ಡಬ್ಬಿ ತೂಗತಾ ಅಂದ: “ಕಾಕೂ, ನಿಮ್ಮನ್ನ ಒಳಗ ತಗೊಂಡ್ರ ಗ್ರೂಪಿನ ಮಂದಿ ಯಾರ ಬಗ್ಗೆ ಮಾತಾಡಬೇಕು?”

ಮಾರಿ ಅಳಿಸಿದ ಫೋಟೋ

ಎದುರುಮನಿ ಮಾಡಿಮ್ಯಾಲ ಖಾನಾಪುರದ ಹುಡುಗಿ ಒಬ್ಬಾಕಿ ಬಾಡಿಗಿ ಬಂದಾಳ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರಿಯೋ ಕೆಲಸ, ಖೋಲ್ಯಾಗ ಕುಂತ ಮಾಡತಾಳ. ಒಂದಿನ ಕರಿಬೇವು ಕೇಳಾಕ ಬಂದಾಕಿ, ನನ್ನ ಕಟ್ಟಿಮ್ಯಾಲ ಕುಂತು ಮೊಬೈಲಿನ ನಕಾಶೆ ತೋರ್ಸಿದ್ಲು. ತಲಿಮ್ಯಾಲ ಕ್ಯಾಮೆರಾ ಹೊತ್ತ ಗಾಡಿ ಒಂದು ಊರೂರು ತಿರಗಿ, ಗಲ್ಲಿ ಗಲ್ಲಿ ಫೋಟೋ ಹೊಡಕೊಂಡು ಹೋಗೈತಂತ. ನಮ್ಮ ಗಲ್ಲಿನೂ ಐತಿ, ನನ್ನ ಕಟ್ಟಿನೂ ಐತಿ. ಕಟ್ಟಿಮ್ಯಾಲ ಇಬ್ಬರು ಕುಂತೀವಿ.

ಇಬ್ಬರ ಮಾರೀನೂ ಮಂಜು ಮಂಜು ಮಾಡ್ಯಾರ. ಯಾರಿಗೂ ಗುರ್ತು ಸಿಗಬಾರ್ದು ಅಂತ ಹಂಗ ಮಾಡತಾರಂತ. ನನಗ ಸಿಕ್ತು. ಬಾಜು ಕುಂತಾಕಿ ಆಪಾ. ಹಿಂದಿನ ಗಲ್ಲಿಯ ಮುಸಲ್ಮಾನರ ಮನಿಯಾಕಿ. ಮೂವತ್ತು ವರ್ಷ ದಿನಾ ಸಂಜಿ ನಾಕಕ್ಕ ನನ್ನ ಕಟ್ಟಿಗೆ ಬಂದು ಕುಂತಾಕಿ. ತೀರಿಕೊಂಡು ಎರಡು ವರ್ಷಾತು. ಫೋಟೋದಾಗ ಬಾಯಿಮ್ಯಾಲ ಕೈ ಇಟ್ಕೊಂಡಾಳ. ಅಂದ್ರ ನಾ ಆಗಷ್ಟ ಏನೋ ಘನಾ ಸುದ್ದಿ ಹೇಳೇನಿ. ಏನ ಹೇಳಿದ್ದೆ ಅಂತ ಇವತ್ತಿಗೂ ನೆನಪಾಗವಲ್ದು. ಅಕಿ ಇದ್ದಿದ್ರ ಅಕಿನ್ನ ಕೇಳತಿದ್ದೆ.

ಹುಡುಗಿ ನನ್ನ ಮಾರಿ ನೋಡಿ ಮಾತು ಹೊಳ್ಳಿಸಿದ್ಲು: “ನಿಮ್ಮ ಮಾರಿ ಅಳಿಸಿ ಏನ ಉಪಯೋಗ ಆತು ಅಜ್ಜಿ? ಕುತಿಗಿ ಎದುರುಮನಿ ಕಿಡಕಿ ಕಡೆ ಹೊಳ್ಳೇತಲ್ಲ.”

ಸುಮ್ಮ ಕೇಳೋ ಗಂಡಸು

ಆ ಹುಡುಗಿನ್ನಾದ್ರೂ ನಾ ಬಿಡಬೇಕಿತ್ತು. ಖರೇ ಹೇಳತೇನಿ, ಎರಡು ವರ್ಷದಾಗ ನನ್ನ ಕಟ್ಟಿಮ್ಯಾಲ ತಾನಾಗಿ ಕುಂತಾಕಿ ಅಕಿ ಒಬ್ಬಾಕೆನ.

ಆದ್ರ ಮಧ್ಯಾಹ್ನ ಅಕಿ ಖೋಲ್ಯಾಗಿಂದ ಮಾತು ಕೇಳಾಕ ಹತ್ತಿತು. ಬಾಗಲಾ ಹಾಕೈತಿ, ತಾಸಗಟ್ಟಲೆ ಮಾತು. “ಇಲ್ಲೀತನಕ ತಿಳೀತಲ್ಲ? ಈಗ ನೋಡು,” ಅಂತ ಬಿಡಿಸಿ ಬಿಡಿಸಿ ಹೇಳತಾಳ. ಮೊಬೈಲ್ ಕಿಡಕ್ಯಾಗ ಚಾರ್ಜಿಗೆ ಇಟ್ಟದ್ದು ನನಗ ಕಾಣತೈತಿ. ಹಂಗಾರ ಒಳಗ ಯಾರೋ ಇದ್ದಾನ. ಆ ಕಡಿಂದ ಒಂದು ಹೂಂ ಅನ್ನೋ ಸಪ್ಪಳ ಸೈತ ಇಲ್ಲ. ಅಷ್ಟು ಸುಮ್ಮ ಕುಂತು ಕೇಳೋ ಗಂಡಸು ಈ ಭೂಮಿಮ್ಯಾಲ ಇರಾಕ ಸಾಧ್ಯ ಇಲ್ಲ ಅಂತ ನನಗ ಅವಾಗನ ಹೊಳೀಬೇಕಿತ್ತು.

ಹೊಳೀಲಿಲ್ಲ. ಗಿರಣಿಯವನ ಕಿವ್ಯಾಗ ಹಾಕಿದೆ. ಗ್ರೂಪಿಗಿಂತ ಮೊದಲು ನನಗ ಸಿಕ್ಕ ಸುದ್ದಿ ನೋಡ್ರಿ, ತಡಕೊಳ್ಳಾಕ ಆಗಲಿಲ್ಲ. ಸಂಜೀಕ ಅದು ಗ್ರೂಪಿಗೆ ಬಿತ್ತು, ರಾತ್ರಿ ಅನ್ನೋದ್ರಾಗ ಖಾನಾಪುರ ಮುಟ್ಟಿತು. ಮರುದಿವಸ ಮುಂಜಾನಿ ಬಸ್ಸಿಗೆ ಖಾನಾಪುರದಿಂದ ಅಕಿ ಅವ್ವ ಬಂದ್ಲು. ಮಂಚದ ಬುಡಕ ನೋಡಿದ್ಲು, ಬಚ್ಚಲ ನೋಡಿದ್ಲು, ಅಟ್ಟದ ಮ್ಯಾಲಿನ ಪೆಟಗಿ ಸೈತ ತಗದ್ಲು. ನಾ ಬಾಗಲದಾಗ ನಿಂತಿದ್ದೆ, ಹಾದಿ ತೋರ್ಸಾಕ ಬಂದಾಕಿ ಹಂಗ. ಸಿಕ್ಕದ್ದು ಒಂದ: ಕಂಪ್ಯೂಟರ್ ಬಾಜು ಕುಂತ ಹಳದಿ ರಬ್ಬರ್ ಬಾತುಕೋಳಿ.

“ಇದಕ್ಕ ಹೇಳತೇನಿ ಯವ್ವಾ,” ಅಂದ್ಲು ಹುಡುಗಿ. “ಪ್ರೋಗ್ರಾಮಿನ್ಯಾಗ ತಪ್ಪು ಎಲ್ಲೈತಿ ಸಿಗಲಿಲ್ಲಂದ್ರ ಬಾತುಕೋಳಿ ಮುಂದ ಒಂದೊಂದ ಸಾಲು ಬಿಡಿಸಿ ಹೇಳಬೇಕು. ಹೇಳತಾ ಹೇಳತಾ ತಪ್ಪು ನಮಗ ಕಾಣತೈತಿ. ನಮ್ಮ ಕೆಲಸದಾಗ ಇದು ಪದ್ಧತಿ.”

ನಂಬಲಿ ಅಂತ ಇಂಟರ್ನೆಟ್ ತಗದು ತೋರ್ಸಿದ್ಲು. ಯಾವ್ಯಾವ ದೇಶದ ಗಡ್ಡದ ಗಂಡಸರು, ಎಲ್ಲಾರ ಟೇಬಲ್ ಮ್ಯಾಲೂ ಒಂದೊಂದು ಹಳದಿ ಬಾತುಕೋಳಿ.

ಅವ್ವ ಮಂಚದ ಮ್ಯಾಲ ಕುಂತಬಿಟ್ಲು. “ಇದಕ್ಕಿಂತ ಗಂಡಸ ಇದ್ದಿದ್ರ ಚಲೋ ಇತ್ತು. ಲಗ್ನ ಮಾಡಿ ಕೈ ತೊಳಕೋತಿದ್ದೆ.”

ಕುಂದ್ರೋ ಕೆಲಸ

ಅವ್ವ ಬಾತುಕೋಳಿನ್ನ ಚೀಲದಾಗ ಹಾಕ್ಕೊಂಡು, “ತಿಂಗಳದಾಗ ಖೋಲಿ ಬಿಟ್ಟು ಊರಿಗೆ ಬಾ,” ಅಂತ ಹೇಳಿ ಹೋದ್ಲು. ಹುಡುಗಿ ನನ್ನ ಕಡಿ ಕಿಡಕಿ ಮುಚ್ಚಿದ್ಲು. ಎಂಟು ದಿನ. ನಾಕು ಹೊಡದ್ರ ಕಟ್ಟಿಮ್ಯಾಲ ನಾನು, ಬಾಜು ಆಪಾನ ಜಾಗಾ. ಮಂದಿ ಮೊಬೈಲ್ ನೋಡತಾ ನನ್ನ ಮುಂದ ಹಾದು ಹೋಗತಿದ್ರು, ಫೋಟೋದಾಗ ಅಳಿಸಿದ ಮಾರಿ ಇಲ್ಲೂ ಅಳಿಸೇತೇನೋ ಅನ್ನೋಹಂಗ.

ಒಂಬತ್ತನೇ ದಿನ ಮೊಣಕಾಲು ಬ್ಯಾಡ ಅಂದ್ರೂ ಅಕಿ ಮಾಡಿ ಮೆಟ್ಟಲಾ ಹತ್ತಿದೆ. ಮೊದಲು ಅಕಿ ಅವ್ವಗ ಫೋನ್ ಹಚ್ಚಿಸಿ, “ಹುಡುಗಿದು ಏನೂ ಇಲ್ಲ, ತಪ್ಪು ನನ್ನ ಬಾಯಿದು,” ಅಂತ ಒಪ್ಪಿಕೊಂಡೆ. ಜೀವನದಾಗ ಮೊದಲನೇ ಸಲ. ಆ ಮ್ಯಾಲೂ ಹುಡುಗಿ ಕೂದಲು ಕೆದರಿಕೊಂಡ ಕುಂತಿದ್ಲು. ತಪ್ಪೊಂದು ಸಿಗವಲ್ದು, ಹೇಳಾಕ ಬಾತುಕೋಳಿ ಇಲ್ಲ.

“ನಾ ಕುಂದರತೇನಿ,” ಅಂದೆ. “ಬಾತುಕೋಳಿ ಏನ ಮಾಡಬೇಕು?”

“ಸುಮ್ಮ ಕುಂದರಬೇಕು.”

“ಅಷ್ಟ?”

“ನಿಮಗ ಅದು ಅಷ್ಟ ಅಲ್ಲ ಅಜ್ಜಿ.”

ಸೆರಗು ಬಾಯಾಗ ಹಿಡಕೊಂಡು ಕುಂತೆ. ಮೂರನೇ ಇಯತ್ತೆ ಕಲ್ತಾಕಿ, ಒಂದ ಅಕ್ಷರ ತಿಳೀಲಿಲ್ಲ. ಆದ್ರ ಒಂದು ತಾಸು ಒಂದು ಜೀವ ನನ್ನ ಮಾರಿ ನೋಡಿ ಮಾತಾಡ್ತು. ಆಪಾನೂ ಮೂವತ್ತು ವರ್ಷ ನನ್ನ ಮುಂದ ಹಿಂಗ ಕುಂತಿದ್ಲು. ನಾ ಹೇಳಿದ್ದರಾಗ ಅಕಿಗೆ ಎಷ್ಟು ಬೇಕಾಗಿತ್ತೋ ಏನೋ, ಎಂದೂ ಕೇಳಲಿಲ್ಲ ನಾ.

“ಸಿಕ್ತು,” ಅಂದ್ಲು ಹುಡುಗಿ. ಯಾವ ಸಾಲು ಯಾರು ಬರದದ್ದು ಅಂತ ಹೆಸರು ಹಚ್ಚಿ ತೋರ್ಸೋ ಸೌಲತ್ತು ಅವರ ಕಂಪ್ಯೂಟರಿನ್ಯಾಗ ಐತಂತ. ಅಂಥಾದ್ದು ನಮ್ಮ ನಳದ ಕಡೆ ಇದ್ದಿದ್ರ ಊರಿನ ಎಲ್ಲಾ ಸುದ್ದಿ ನನ್ನ ತಲಿಮ್ಯಾಲ ಯಾಕ ಬರತಿತ್ತು? ಅಕಿ ಒತ್ತಿ ನೋಡಿದ್ಲು. ಅಕಿ ಜೋಡಿ ಕೆಲಸ ಮಾಡಾಂವ ಒಬ್ಬ ಪುಣೆಯಾಗ ಇದ್ದಾನಂತ. ತಪ್ಪು ಅವಂದ ಅಂತ ಎಂಟು ದಿನ ಅವನ್ನ ಬೈದಿದ್ಲಂತ, ನೋಡಿದ್ರ ಅದನ್ನ ಬರದಾಕಿ ಅಕಿನ. ಮಾರಿ ಕೆಂಪಗಾತು. “ಅಜ್ಜಿ, ಇದು ನಿಮ್ಮ ಹೊಟ್ಯಾಗ ಇರ್ಲಿ. ನಾಳಿನೂ ನಾಕಕ್ಕ ಬರ್ರಿ.”

ಖೋಲಿ ಬಿಡೋ ಮಾತು ನಿಂತಿತು. ಖಾನಾಪುರದ ಬಸ್ಸಿನ್ಯಾಗ ಒಂದು ಹಲಸಿನಹಣ್ಣು, ಅದರ ಜೋಡಿ ಬಾತುಕೋಳಿನೂ ವಾಪಸ್ ಬಂದ್ವು. ಆದ್ರೂ ಹುಡುಗಿ ನಾಕಕ್ಕ ನನ್ನನ್ನ ಕರೀತಿದ್ಲು. ಹದಿನೈದು ದಿನ ತಡಕೊಂಡೆ. ಹದಿನಾರನೇ ದಿನ ನಳದ ಕಡೆ, ಅಕಿ ಪುಣೆಯವನ್ನ ಸುಮ್ಮಸುಮ್ಮನ ಬೈದ ಸುದ್ದಿ ನನ್ನ ಬಾಯಿಂದ ತಾನ ಹೊರಗ ಬಿತ್ತು. ಸಂಜೀಕ ಗ್ರೂಪಿನ್ಯಾಗ ಬಂತಂತ.

ಹುಡುಗಿ ಮಾಡಿ ಇಳದು ಬಂದ್ಲು, ಕೈಯಾಗ ಬಾತುಕೋಳಿ. ಇನ್ನ ಮುಗೀತು, ಇಕಿ ಕರಿಯಂಗಿಲ್ಲ ಅಂದ್ಕೊಂಡೆ. ಅಕಿ ಬಾತುಕೋಳಿನ್ನ ಕಟ್ಟಿಮ್ಯಾಲ, ಆಪಾನ ಜಾಗಾದಾಗ ಕುಂದ್ರಿಸಿ, ನನ್ನ ಮಾರಿಗೆ ಮಾರಿ ಕೊಟ್ಟು ಅಂದ್ಲು:

“ನನಗ ನೀವು, ನಿಮಗ ಇದು. ನನ್ನ ಖೋಲ್ಯಾಗ ಕೇಳಿದ್ದೆಲ್ಲಾ ಇದರ ಮುಂದ ಹೇಳ್ರಿ. ಹೆದರಬ್ಯಾಡ್ರಿ ಅಜ್ಜಿ, ನಿಮ್ಮಂಗ ಇದನ್ನೂ ಯಾರೂ ಗ್ರೂಪಿಗೆ ತಗೊಂಡಿಲ್ಲ.”