ಅಪ್ಪನ ಹೆಸರಿಗೆ ಬರುವ ಬಿಲ್ಲು

ಯಾವುದನ್ನಾದರೂ ಶುರುಮಾಡುವುದಕ್ಕೆ ನನಗೆ ಎಂದೂ ತೊಂದರೆಯಾಗಿಲ್ಲ. ನನ್ನ ಕಷ್ಟವೆಲ್ಲ ನಿಲ್ಲಿಸುವುದರಲ್ಲಿ. ನಿಲ್ಲಿಸಬೇಕೆಂದುಕೊಂಡ ನಶ್ಯದ ಡಬ್ಬಿ ಇನ್ನೂ ಸೊಂಟದಲ್ಲಿದೆ. ನಿಲ್ಲಿಸಬೇಕೆಂದುಕೊಂಡ ಹಿಂದಿ ವಾರಪತ್ರಿಕೆ ಓದುವವರಿಲ್ಲದೆ ಮೂಲೆಯಲ್ಲಿ ಗುಡ್ಡೆ ಬಿದ್ದಿದೆ. ಹೀಗಿರುವಾಗ ಹೋದ ವರ್ಷ ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಕಾಲ ಎರಡೆರಡು ಇಂಟರ್‌ನೆಟ್ಟಿಗೆ ದುಡ್ಡು ಕಟ್ಟಿದೆವು ಎಂದರೆ ನನ್ನನ್ನು ಬಲ್ಲವರು ಯಾರೂ ಆಶ್ಚರ್ಯಪಡುವುದಿಲ್ಲ. ಹೆಂಡತಿಯೂ ಆಶ್ಚರ್ಯಪಡಲಿಲ್ಲ, ಬರೀ ಸಿಟ್ಟಾದಳು.

ನಾವು ಕಾಶಿಯಲ್ಲಿ, ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಇರುವವರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಅಸ್ಥಿ ವಿಸರ್ಜನೆ ಮಾಡಿಸುವುದು ಅಜ್ಜನ ಕಾಲದಿಂದ ಬಂದ ಕಸುಬು. ಮನೆಗೆ ಟೆಲಿಫೋನು ತಂದವರು ಅಪ್ಪ. ಗಲ್ಲಿಯಲ್ಲಿ ಅದು ಮೂರನೆಯದೋ ನಾಲ್ಕನೆಯದೋ. ಅದರ ನಂಬರನ್ನು ಸಣ್ಣ ಸಣ್ಣ ಚೀಟಿಗಳಲ್ಲಿ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟುಕೊಂಡು, ಊರಿಗೆ ಹೊರಟ ಪ್ರತಿಯೊಬ್ಬರ ಕೈಗೂ ಗಂಗೆಯ ತಂಬಿಗೆಯ ಜೊತೆಗೆ ಕೊಡುತ್ತಿದ್ದರು. ಅಪ್ಪ ಹೋದ ಮೇಲೂ ನಂಬರು ಅದೇ ಇತ್ತು. ಮುಂದೆ ಅದೇ ತಂತಿಯಲ್ಲಿ ಇಂಟರ್‌ನೆಟ್ಟೂ ಬಂತು. ಬಂತು ಎನ್ನುವುದಕ್ಕಿಂತ ಆಗಾಗ ಬಂದು ಹೋಗುತ್ತಿತ್ತು ಎನ್ನಬೇಕು. ನಮ್ಮ ಗಲ್ಲಿಯ ಕೋತಿಗಳಿಗೆ ಊರಿನ ಅಷ್ಟೂ ತಂತಿಗಳಲ್ಲಿ ಜೋತಾಡಲು ನಮ್ಮದೇ ಆಗಬೇಕು.

ಮಗಳು ಮೈತ್ರಿ ಇಲ್ಲೇ ಎಂ.ಎಸ್ಸಿ. ಓದುತ್ತಾಳೆ. ಪರೀಕ್ಷೆಯ ಅರ್ಜಿ ತುಂಬುವಾಗ ಮೂರು ಸಲ ತಂತಿ ಕೈಕೊಟ್ಟ ಮೇಲೆ ಅವಳ ತಾಳ್ಮೆ ಮುಗಿಯಿತು. ಶ್ರಾವಣದಲ್ಲಿ ಹೊಸ ಕಂಪನಿಯೊಂದರ ಫೈಬರ್ ಹಾಕಿಸಿದಳು. ಹಾಕಿಸಿ, ನನ್ನನ್ನು ಎದುರು ಕೂರಿಸಿಕೊಂಡು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು: ಹೊಸದು ಒಂದು ವಾರ ಸರಿಯಾಗಿ ನಡೆಯುತ್ತದೋ ನೋಡುವುದು, ಆಮೇಲೆ ತಡಮಾಡದೆ ಹಳೆಯದನ್ನು ಮುಚ್ಚಲು ಅರ್ಜಿ ಕೊಡುವುದು, ಮೋಡೆಮ್ ವಾಪಸು ಮಾಡಿ ಅದಕ್ಕೆ ರಸೀದಿ ತೆಗೆದುಕೊಳ್ಳುವುದು. ಬಳಸದೆ ಬಿಟ್ಟರೆ ತಾನಾಗಿ ನಿಲ್ಲುತ್ತದೆ ಅಂದುಕೊಂಡರೆ ಎರಡೂ ಕಡೆಯಿಂದ ಬಿಲ್ಲು ಬರುತ್ತಲೇ ಇರುತ್ತದೆ. ಈ ನಂಬರನ್ನೇ ಹೊಸ ಕಂಪನಿಗೆ ಒಯ್ಯಬಹುದೇ ಎಂದು ಕೇಳಿದೆ. ವಿಚಾರಿಸಿದ್ದೇನೆ, ಆಗುವುದಿಲ್ಲವಂತೆ ಎಂದಳು. ನಾನು ತಲೆಯಾಡಿಸಿದೆ. ತಲೆಯಾಡಿಸುವುದೂ ಒಂದು ಶುರುವೇ ಆದ್ದರಿಂದ ಅದು ಸುಲಭವಾಗಿ ಆಯಿತು.

ಪುರೋಹಿತನಾದವನಿಗೆ ಕೆಲಸ ಮುಂದೂಡಲು ಕಾರಣಗಳಿಗೆ ಬರವಿಲ್ಲ. ಮೊದಲು ಪಿತೃಪಕ್ಷ ಬಂತು, ಉಸಿರಾಡಲೂ ಪುರುಸೊತ್ತಿಲ್ಲದ ಹದಿನೈದು ದಿನ. ಆಮೇಲೆ ನವರಾತ್ರಿ. ಮನೆಯಲ್ಲಿ ಕಲಶ ಕೂತಿರುವಾಗ ಏನನ್ನಾದರೂ ಕಡಿಸುವುದು ಸರಿಯಲ್ಲ ಎಂದೆ. ದೀಪಾವಳಿಗೆ ಕಚೇರಿ ರಜೆ ಎಂದೆ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯ ಜನಜಂಗುಳಿಯಲ್ಲಿ ಗೋದೌಲಿಯಾ ಚೌಕ ದಾಟುವವರು ಯಾರು ಎಂದೆ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಕಾರ್ತಿಕ ಕಳೆದ ಮೇಲೆ ಎರಡು ಬಿಲ್ಲುಗಳನ್ನೂ ನನ್ನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಊರಿನವರ ಹತ್ತಿರ ಇರುವುದು ಹಳೆಯ ನಂಬರೇ, ಯಾರಾದರೂ ಕಷ್ಟದಲ್ಲಿ ಫೋನು ಮಾಡಿದರೆ ಏನು ಗತಿ ಎಂದು ನಾನು ವಾದ ಹೂಡಿದೆ. ನಾಲ್ಕು ತಿಂಗಳಲ್ಲಿ ಆ ಫೋನಿಗೆ ಎಷ್ಟು ಕರೆ ಬಂದಿವೆ ಎಂದು ಕೇಳಿದಳು. ಎರಡು ಬಂದಿದ್ದವು. ಒಬ್ಬರು ಸಾಲ ಬೇಕೇ ಎಂದು ಕೇಳಿದ್ದರು. ಇನ್ನೊಬ್ಬರಿಗೆ ಎರಡು ಮಸಾಲೆ ದೋಸೆ ಬೇಕಾಗಿತ್ತು.

ಹೀಗೆ ಸೋತು, ಮಾರನೆಯ ಬೆಳಿಗ್ಗೆ ಮೋಡೆಮನ್ನು ಪೂಜೆಯ ಚೀಲದಲ್ಲಿ ಹಾಕಿಕೊಂಡು ಹಳೆಯ ಕಂಪನಿಯ ಕಚೇರಿಗೆ ಹೋದೆ. ಕೌಂಟರಿನಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬ ಹೆಂಗಸು ಕೂತಿದ್ದರು. ನನ್ನ ಅರ್ಜಿ ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ನನ್ನ ಮುಖ ನೋಡಿದರು. "ಪಂಡಿತ್‌ಜೀ, ಈ ತ ಶ್ರೀಪಾದ ಭಟ್ ಕೇ ನಾಮ್ ಪರ್ ಬಾ. ಉನಕಾ ಕೆ ಭೇಜ್ ದೀಂ," ಎಂದರು. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರನ್ನೇ ಕಳಿಸಿಕೊಡಿ ಎಂದು. ಅವರು ನನ್ನ ತಂದೆ, ತೀರಿಕೊಂಡಿದ್ದಾರೆ ಎಂದೆ. ಯಾವಾಗ ಎಂದು ಕೇಳಿದರು. ಹನ್ನೊಂದು ವರ್ಷವಾಯಿತು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಇಲ್ಲಿಗೆ ಬಂದು ಯಾಕೆ ಹೇಳಲಿಲ್ಲ ಎಂದು ಕೇಳಿದರು, ಗದರಿಸದೆ, ಮೆಲ್ಲಗೆ.

ಏನು ಹೇಳಲಿ? ಹೇಳಬೇಕಾದ ಬೇರೆ ಎಲ್ಲರಿಗೂ ಹೇಳಿದ್ದೇನೆ. ದೇವತೆಗಳಿಗೆ ಹೇಳಿದ್ದೇನೆ, ದಿಕ್ಕುಗಳಿಗೆ ಹೇಳಿದ್ದೇನೆ, ಪ್ರತಿ ವರ್ಷ ಗೋತ್ರ ಸಹಿತ ಹೆಸರು ಹೇಳಿ ಪಿಂಡ ಇಟ್ಟಿದ್ದೇನೆ. ಘಾಟಿನ ಕಾಗೆಗಳಿಗೂ ಗೊತ್ತಿದ್ದ ವಿಷಯ ಟೆಲಿಫೋನ್ ಕಚೇರಿಗೆ ಮಾತ್ರ ಗೊತ್ತಿರಲಿಲ್ಲ. ಬೇರೆಯವರ ಮರಣ ಪ್ರಮಾಣ ಪತ್ರಕ್ಕಾಗಿ ನಗರಪಾಲಿಕೆಗೆ ಅಲೆದು ಅಲೆದು ನನಗೆ ಅಲ್ಲಿನ ಬೆಂಚುಗಳ ಪರಿಚಯವಿದೆ. ಆದರೆ ತಿಂಗಳಿಗೊಮ್ಮೆ ಬಾಗಿಲಿನ ಸಂದಿಯಿಂದ ಬೀಳುವ ಆ ಬಿಲ್ಲಿನ ಮೇಲೆ, ಹೆಸರಿನ ಮೊದಲು 'ದಿವಂಗತ' ಅಲ್ಲ, 'ಶ್ರೀ' ಇರುತ್ತಿತ್ತು. ಒಂದು ಕಂಪ್ಯೂಟರಿನ ಲೆಕ್ಕದಲ್ಲಿ ಅಪ್ಪ ಇನ್ನೂ ಬದುಕಿದ್ದು, ಗಡುವಿನೊಳಗೆ ಬಿಲ್ಲು ಕಟ್ಟುವ ಒಳ್ಳೆಯ ಗಿರಾಕಿಯಾಗಿದ್ದರು. ಅದನ್ನು ನಾನೇ ಹೋಗಿ ಕೆಡಿಸಲು ಮನಸ್ಸು ಬಂದಿರಲಿಲ್ಲ. ಇದನ್ನೆಲ್ಲ ಹಿಂದಿಯಲ್ಲಿ ವಿವರಿಸುವಷ್ಟು ಧೈರ್ಯ ಇಲ್ಲದೆ, ಮರೆತುಹೋಯಿತು ಎಂದೆ. ಆಕೆ ನಂಬಿದಂತೆ ಮಾಡಿದರು.

ಮರುದಿನ ಅಪ್ಪನ ಮರಣ ಪ್ರಮಾಣ ಪತ್ರದ ನಕಲು ಕೊಟ್ಟೆ. ಮೋಡೆಮ್ ಒಪ್ಪಿಸಿದೆ, ರಸೀದಿ ಪಡೆದೆ. ಸಂಜೆಯೊಳಗೆ ಲೈನು ಕಡಿತವಾಗುತ್ತದೆ, ಇನ್ನು ಬಿಲ್ಲು ಬರುವುದಿಲ್ಲ ಎಂದು ಆಕೆ ಭರವಸೆ ಕೊಟ್ಟರು. ಎರಡು ಕಡೆ ದುಡ್ಡು ಸುರಿಯುವುದು ಅಂತೂ ತಪ್ಪಿತಲ್ಲ ಎಂದು ಸಂತೋಷಪಡಬೇಕಾದ ನಾನು, ಹೊರಗಿನ ಚಹಾದಂಗಡಿಯಲ್ಲಿ ನಿಂತು, ಮೊಬೈಲಿನಿಂದ ಮನೆಯ ಆ ನಂಬರಿಗೇ ಫೋನು ಮಾಡಿದೆ. ನಾಲ್ಕು ಸಲ ರಿಂಗಾದ ಮೇಲೆ ಹೆಂಡತಿ ಎತ್ತಿದಳು. ಕಟ್ಟಾಯಿತೋ ಏನೋ ಅಂತ ನೋಡಿದೆ ಎಂದೆ. "ಇನ್ನೂ ಇದೆ. ಸುಮ್ನೆ ಮನೆಗೆ ಬನ್ನಿ," ಎಂದಳು.

ಮನೆಗೆ ಹೋಗದೆ ಘಾಟಿನ ಮೆಟ್ಟಿಲ ಮೇಲೆ ಕೂತೆ. ಮಧ್ಯಾಹ್ನದಿಂದ ಸಂಜೆಯವರೆಗೆ ಇನ್ನೂ ಮೂರು ಸಲ ಮಾಡಿದೆ. ಎರಡು ಸಲ ರಿಂಗಾಯಿತು. ನಾನೇ ಎಂದು ಗೊತ್ತಾಗಿ ಹೆಂಡತಿ ಎತ್ತಲಿಲ್ಲ. ಮೂರನೆಯ ಸಲ ಒಂದು ಹೆಣ್ಣು ದನಿ, ನೀವು ಕರೆ ಮಾಡುತ್ತಿರುವ ನಂಬರ್ ಈಗ ಇಲ್ಲ ಎಂದು ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ತಿಳಿಸಿತು. ಹನ್ನೊಂದು ವರ್ಷದಲ್ಲಿ ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಕನ್ನಡದಲ್ಲಿ ಹೇಳಿದ್ದರೆ ಅಷ್ಟು ಜನರ ಮಧ್ಯೆ ಅತ್ತುಬಿಡುತ್ತಿದ್ದೆ. ಹಿಂದಿಯಾದ್ದರಿಂದ ಬಚಾವಾದೆ.